ಲಿಗೋರಿಯ ನಾಲ್ಕು ನೂಲು

ನನ್ನ ಮನೆಯ ಕುರ್ಚಿಗಳು ಅಲುಗಾಡುವುದನ್ನು ಬಿಟ್ಟದ್ದು ಲಿಗೋರಿಯವರ ಪರಿಚಯವಾದ ಮೇಲೆ. ಈ ಗಲ್ಫ್ ಊರಿನ ವಾದಿ ಕಬೀರ್ ಬಡಾವಣೆಯ ಗ್ಯಾರೇಜುಗಳ ನಡುವೆ ಅವರ ಬಡಗಿ ಅಂಗಡಿ ಇದೆ. ಅಂಗಡಿ ಹೆಸರಿಗೆ ಅವರ ಕಫೀಲ್, ಅಂದರೆ ವೀಸಾ ಕೊಟ್ಟ ಸಾಹುಕಾರ, ಖಲ್ಫಾನ್ ಅವರದು, ಆದರೆ ಒಳಗಿನ ಒಂದು ಉಳಿಯನ್ನು ಸಹ ಲಿಗೋರಿಯವರನ್ನು ಕೇಳದೆ ಯಾರೂ ಮುಟ್ಟುವಂತಿಲ್ಲ. ಕಿನ್ನಿಗೋಳಿಯಿಂದ ಬಂದು ಇಪ್ಪತ್ತಾರು ವರ್ಷವಾಯಿತು. ಬಾಗಿಲು, ಮಂಚ, ನಮ್ಮಂಥವರ ಮುರಿದ ಕುರ್ಚಿ, ಇವೆಲ್ಲ ಹೊಟ್ಟೆಪಾಡು. ಹೆಮ್ಮೆ ಮಾತ್ರ ಕೋವಿಯ ಮರದ ಕೆಲಸದ್ದು. ಭುಜಕ್ಕೆ ಒತ್ತಿ ಹಿಡಿಯುವ ಆ ಹಿಂಭಾಗಕ್ಕೆ ಸ್ಟಾಕ್ ಎನ್ನುತ್ತಾರೆಂದು ನನಗೆ ಕಲಿಸಿದವರೂ ಅವರೇ.

"ಕಬ್ಬಿಣ ಖಲ್ಫಾನರದ್ದು, ಲೈಸೆನ್ಸೂ ಅವರದ್ದು. ಮರ ಮಾತ್ರ ನಂದು" ಎಂದು ಪ್ರತಿ ಸಲವೂ ಹೇಳುತ್ತಿದ್ದರು, ನಾನೇನೋ ಪೊಲೀಸ್ ಎಂಬಂತೆ.

ನಾನು ಪೊಲೀಸಲ್ಲ, ಮೈಸೂರಿನವಳು, ಇಲ್ಲಿನ ಶಾಲೆಯೊಂದರಲ್ಲಿ ಮಕ್ಕಳಿಗೆ ಭಿನ್ನರಾಶಿ ಕಲಿಸುವವಳು. ಬೇಟೆ ಎಂದರೆ ನನಗೆ ಮೈ ಉರಿಯುತ್ತದೆ. ಅರವತ್ತು ದಾಟಿದ ಖಲ್ಫಾನ್ ಟಾಂಜಾನಿಯಾಕ್ಕೆ ಹೋಗಿ ಕಾಡೆಮ್ಮೆಯ ಎದುರು ನಿಲ್ಲುವುದು ಯಾವ ಪುರುಷಾರ್ಥಕ್ಕೆ ಎಂದು ಲಿಗೋರಿಯವರನ್ನು ಕೇಳಿಯೇ ಬಿಟ್ಟಿದ್ದೆ. ಖಲ್ಫಾನ್ ಹುಟ್ಟಿದ್ದು ಜಾಂಜಿಬಾರಿನಲ್ಲಿ. ಅವರ ತಂದೆ ಹೇಳುತ್ತಿದ್ದ ಬೇಟೆಯ ಕತೆಗಳನ್ನು ಕೇಳಿ ಬೆಳೆದವರು. ಒಮ್ಮೆಯಾದರೂ ಹೋಗಬೇಕು ಎಂಬ ಆಸೆ ನಲವತ್ತು ವರ್ಷ ಅವರನ್ನು ಕಾಡಿತ್ತು.

"ನಮ್ಮ ಊರಿನ ಕಾಟಿಗಿಂತ ಪಾಪಿ ಅದು ಟೀಚರ್. ಗುಂಡು ಬಿದ್ದ ಮೇಲೆಯೇ ಅದಕ್ಕೆ ಸಿಟ್ಟು ಬರುದು" ಎಂದಿದ್ದರು ಲಿಗೋರಿ. ಹಾಗಾಗಿ ಒಂದು ಕೋವಿ ಕೈಕೊಟ್ಟರೆ ಇನ್ನೊಂದು ಜೊತೆಯಲ್ಲಿ ಇರಲೇಬೇಕಂತೆ. ಆ ಇನ್ನೊಂದನ್ನು ಆರಿಸುವಾಗಲೇ ಎಲ್ಲ ಶುರುವಾದದ್ದು.

ಲಿಗೋರಿಯವರೇ ಮರ ಕೂರಿಸಿಕೊಟ್ಟ ಹಳೆಯ ಕೋವಿಯೊಂದು ಖಲ್ಫಾನರ ಬಳಿ ಮೊದಲೇ ಇತ್ತು. ಅದರ ಜೊತೆಗೆ ಒಂದನ್ನು ಆರಿಸಲು ಮೇ ತಿಂಗಳಲ್ಲಿ ಅವರು ಬೇರೆ ಎರಡು ಕೋವಿಗಳನ್ನು ತಂದು ಅಂಗಡಿಯ ಮೇಜಿನ ಮೇಲೆ ಮಲಗಿಸಿದರು. ಒಂದು ಜೋಡಿ ನಳಿಗೆಯದು, ಮೈತುಂಬ ಬೆಳ್ಳಿಯ ಬಳ್ಳಿ, ನೋಡಿದರೆ ಮದುವೆ ಮನೆಗೆ ಒಯ್ಯಬೇಕು ಅನಿಸುವಂಥದ್ದು. ಇನ್ನೊಂದು ಬರ್ಕಾ ಊರಿನಲ್ಲಿರುವ ಅವರ ದಾಯಾದಿಯದು, ಬೋಳು, ಸ್ಟಾಕ್ ಬಿರುಕು ಬಿಟ್ಟದ್ದು. ಖಲ್ಫಾನ್ ಕೇಳಿದರು, "ಲಿಗೋರಿ, ಇದರಲ್ಲಿ ಇಹ್ತಿಯಾತಿ ಯಾವುದು?"

ಅವರಿಬ್ಬರ ನಡುವಿನ ಭಾಷೆ ಹರಕು ಹಿಂದಿ, ಅದಕ್ಕೆ ಅಲ್ಲಲ್ಲಿ ಅರಬ್ಬಿಯ ತೇಪೆ. ಲಿಗೋರಿಯವರಿಗೆ ಅರಬ್ಬಿಯಲ್ಲಿ ಬರುವುದೆಲ್ಲ ಮರ, ಮೊಳೆ, ನಾಳೆ ಇಷ್ಟೇ. ಹಿಂದಿ ಉರ್ದುವಿನ 'ಎಹ್ತಿಯಾತ್' ಮಾತ್ರ ಗೊತ್ತಿತ್ತು. ಅಂದರೆ ಜಾಗ್ರತೆ. ಎರಡರಲ್ಲಿ ಜಾಗ್ರತೆಯ ಕೋವಿ ಯಾವುದು ಎಂದು ಸಾಹುಕಾರರು ಕೇಳುತ್ತಿದ್ದಾರೆ ಅಂದುಕೊಂಡರು. ಹಿಂದೆಮುಂದೆ ನೋಡದೆ ಬೋಳು ಕೋವಿಯನ್ನು ತೋರಿಸಿದರು.

"ಇದು. ಇದರ ಸೇಫ್ಟಿ ಲಾಕ್ ನಿಮ್ಮ ಹಳೆಯ ಕೋವಿಯ ಜಾಗದಲ್ಲೇ ಉಂಟು. ಹೆದರಿಕೆ ಆದಾಗ ಹೆಬ್ಬೆರಳು ಹುಡುಕ್ಲಿಕ್ಕೆ ಹೋಗಬಾರದು."

ಖಲ್ಫಾನ್ ಗಡ್ಡ ಸವರಿಕೊಂಡರಂತೆ. ಆಮೇಲೆ ಬೆಳ್ಳಿಯ ಬಳ್ಳಿಯದನ್ನು ಪೆಟ್ಟಿಗೆಗೆ ಹಾಕಿ, "ಖಲಾಸ್. ಇದೇ. ಇದಕ್ಕೆ ಹೊಸ ಸ್ಟಾಕ್ ಮಾಡು, ನನ್ನ ಮೊದಲಿನದರ ಅಳತೆಗೆ ಸರಿಯಾಗಿ" ಎಂದರು.

ಮುಂದಿನ ವಾರ ಪಕ್ಕದ ಗ್ಯಾರೇಜಿನ ಹಕೀಂ, ಉಳ್ಳಾಲದ ಬ್ಯಾರಿ ಮೆಕ್ಯಾನಿಕ್, ಒಬ್ಬ ಗಿರಾಕಿಯ ಹತ್ತಿರ ಅರಬ್ಬಿಯಲ್ಲಿ "ಇಹ್ತಿಯಾತಿ ಟೈರ್ ಎಲ್ಲಿ" ಎಂದು ಕೇಳುತ್ತಿದ್ದುದು ಲಿಗೋರಿಯವರ ಕಿವಿಗೆ ಬಿತ್ತು. ಜಾಗ್ರತೆಯ ಟೈರ್ ಎಂಥದ್ದು ಎಂದು ಲಿಗೋರಿ ವಿಚಾರಿಸಿದರು. ಹಕೀಂ ಹೊಟ್ಟೆ ಹಿಡಿದು ನಕ್ಕ. "ಸ್ಪೇರ್ ಟೈರ್ ಮಾರಾಯ್ರೆ. ಇಷ್ಟು ವರ್ಷ ಆಯ್ತು, ಇನ್ನೂ ಗೊತ್ತಿಲ್ವಾ?"

ಬೇರೆಯವರಾದರೆ ನಕ್ಕು ಮರೆಯುತ್ತಿದ್ದರು. ಲಿಗೋರಿ ಅಂಥವರಲ್ಲ. ಸಾಹುಕಾರರು ಕೇಳಿದ್ದು ಒಂದು, ತಾನು ಹೇಳಿದ್ದು ಇನ್ನೊಂದು, ಅವರು ನಂಬಿ ಹೊರಟದ್ದು ತನ್ನ ಮಾತನ್ನು. ಕಾಡಿನಲ್ಲಿ ಏನಾದರೂ ಆದರೆ ಪಾಪ ಯಾರ ತಲೆಗೆ? ಇದನ್ನು ಹೇಳಿಬಿಡಿ ಎಂದು ಹೆಂಡತಿ ಜೇನ್ ಹೇಳಿದರೂ ಬಾಯಿ ಬರಲಿಲ್ಲ. ಅದರ ಬದಲು ಎಲ್ಲ ಆತಂಕವನ್ನೂ ಹೊಸ ಸ್ಟಾಕಿಗೆಂದು ತಂದ ವಾಲ್‌ನಟ್ ಮರದ ತುಂಡಿನ ಮೇಲೆ ಹಾಕಿ ಉಜ್ಜಿದರು.

ಅಂಗುಲದ ಎಂಟನೇ ಒಂದು ಪಾಲಿಗೆ ಅವರು ನೂಲು ಎನ್ನುತ್ತಾರೆ. ಅಪ್ಪ ಕಲಿಸಿದ ಲೆಕ್ಕ. ಸೆಂಟಿಮೀಟರಿನ ಈ ದೇಶದಲ್ಲಿ ಇಪ್ಪತ್ತಾರು ವರ್ಷ ಅವರು ನೂಲಿನಲ್ಲೇ ಬದುಕಿದ್ದಾರೆ. ಖಲ್ಫಾನರನ್ನು ನಿಲ್ಲಿಸಿ, ಅವರು ತೊಟ್ಟ ತೆಳು ನಿಲುವಂಗಿ ದಿಶ್‌ದಾಶಾದ ತೋಳಿನ ಮೇಲೆ ಟೇಪು ಹಿಡಿದು, ಒಂದು ನೂಲು ಆಚೀಚೆ ಆಗದಂತೆ ಅಳೆದರು. ಮರ ಸ್ವಲ್ಪ ಗಿಡ್ಡವಾಗಿಯೇ ಸಿಕ್ಕಿತ್ತು, ಕೊನೆಗೆ ನಾಲ್ಕು ನೂಲು ದಪ್ಪದ ರಬ್ಬರ್ ಪ್ಯಾಡನ್ನು ಎರಡು ಸ್ಕ್ರೂ ಹಾಕಿ ಕೂರಿಸಿ ಸರಿದೂಗಿಸಿದರು. ಜುಲೈ ಮೊದಲ ವಾರ ಅವರ ಹಳೆಯ ಕೋವಿಯೂ ಈ ಬೋಳು ಕೋವಿಯೂ ಕಾಗದಪತ್ರ, ಸೀಲುಗಳ ಸಮೇತ ಖಲ್ಫಾನರ ಜೊತೆ ವಿಮಾನ ಹತ್ತಿದವು.

ಅದಾದ ಮೂರನೇ ದಿನ ಮಧ್ಯಾಹ್ನ ನಾನು ಒಂದು ಕುರ್ಚಿ ಹೊತ್ತುಕೊಂಡು ಅಂಗಡಿಗೆ ಹೋಗಿದ್ದೆ. ಹೊರಗೆ ನಲವತ್ತನಾಲ್ಕು ಡಿಗ್ರಿ. ಲಿಗೋರಿ ಖುಷಿಯಿಂದ ಮೊಬೈಲ್ ತೋರಿಸಿದರು. ಬೇಟೆಯ ಬಿಡಾರದಿಂದ ಬಂದ ಫೋಟೊ. ಮಂಜು ಮುಸುಕಿದ ಬೆಳಗು, ಕೈಯಲ್ಲಿ ಚಹಾದ ಲೋಟ, ನಗುತ್ತಿರುವ ಖಲ್ಫಾನ್.

"ಇದೇನ್ರೀ, ಮೂರೇ ದಿನಕ್ಕೆ ಇಷ್ಟು ದಪ್ಪ ಆಗಿಬಿಟ್ಟಿದಾರೆ?" ಎಂದೆ ನಾನು. ತಮಾಷೆಗೆ.

ಲಿಗೋರಿ ಫೋಟೊವನ್ನು ದೊಡ್ಡದು ಮಾಡಿ ನೋಡಿದರು. ಕೈಯಲ್ಲಿದ್ದ ಟೇಪನ್ನು ಮೇಜಿನ ಮೇಲಿಟ್ಟರು.

"ದಪ್ಪ ಆದದ್ದಲ್ಲ ಟೀಚರ್. ಜಾಕೆಟ್ ಹಾಕಿದ್ದಾರೆ."

ಅದರಲ್ಲೇನಿದೆ ಎಂದು ನನಗೆ ಹೊಳೆಯಲಿಲ್ಲ. ಅವರೇ ಬಿಡಿಸಿ ಹೇಳಿದರು. ಅಲ್ಲಿ ಜುಲೈ ಎಂದರೆ ಚಳಿಗಾಲ. ಹತ್ತಿ ತುಂಬಿದ ಜಾಕೆಟ್ ನಾಲ್ಕು ನೂಲಿನಷ್ಟು ದಪ್ಪ. ತೆಳು ದಿಶ್‌ದಾಶಾದ ಮೇಲೆ ಅಳೆದ ಸ್ಟಾಕ್ ಈಗ ನಾಲ್ಕು ನೂಲು ಉದ್ದವಾಯಿತು. ಎತ್ತುವಾಗ ಕಂಕುಳಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಗುರಿಯ ಹಲಗೆಗೆ ಹೊಡೆಯುವಾಗ ಪರವಾಗಿಲ್ಲ, ಮತ್ತೊಮ್ಮೆ ಎತ್ತಬಹುದು. ಕಾಡೆಮ್ಮೆ ಮತ್ತೊಮ್ಮೆ ಎತ್ತಲು ಬಿಡುವುದಿಲ್ಲ.

"ಈ ಊರಲ್ಲಿ ಯಾರಿಗಾದರೂ ಜಾಕೆಟ್ ನೆನಪಾಗ್ತದಾ?" ಎಂದರು.

ನನಗೆ ಅವರನ್ನು ಕಂಡು ಪಾಪ ಅನಿಸಿತು, ಬೇಟೆಯ ಮೇಲಿನ ಸಿಟ್ಟೂ ಎರಡು ಪಟ್ಟಾಯಿತು. "ಸುಮ್ಮನೆ ಕೂರಬೇಡಿ. ಫೋನ್ ಮಾಡಿ" ಎಂದು ಗದರಿದೆ, ಹೋಂವರ್ಕ್ ಮಾಡದ ಹುಡುಗನಿಗೆ ಗದರುವ ಹಾಗೆ.

ಐದು ಸಲ ಸಿಗಲಿಲ್ಲ. ಆರನೆಯ ಸಲ ಸಿಕ್ಕಿತು. ಲಿಗೋರಿ ಸುತ್ತಿಬಳಸಲಿಲ್ಲ. "ಸಾಹುಕಾರ್, ನಾನು ತಪ್ಪು ಅಳೆದೆ" ಎಂದರು. ಒಬ್ಬ ಬಡಗಿಯ ಬಾಯಲ್ಲಿ ಆ ಮಾತು ಬರುವುದು ಎಷ್ಟು ಕಷ್ಟ ಎಂಬುದು ಅವರ ಕತ್ತಿನ ನರ ನೋಡಿದ ನನಗೆ ಗೊತ್ತು. ನಿಮ್ಮ ಹಳೆಯ ಕೋವಿಗೆ ಅಲ್ಲಿ ಏನೂ ಮಾಡುವಂತಿಲ್ಲ, ಅದರ ಹಿಂಬದಿಗೆ ಕಬ್ಬಿಣದ ಪಟ್ಟಿ ಹೊಡೆದಿದೆ. ಹೊಸ ಸ್ಟಾಕಿನ ರಬ್ಬರ್ ಪ್ಯಾಡಿನ ಎರಡು ಸ್ಕ್ರೂ ಬಿಚ್ಚಿ ತೆಗೆದುಬಿಡಿ, ಸರಿಯಾಗಿ ನಾಲ್ಕು ನೂಲು ಕಡಿಮೆಯಾಗುತ್ತದೆ, ಭುಜ ಮಾತ್ರ ನೋಯುತ್ತದೆ ಎಂದರು. ಆ ಕಡೆಯಿಂದ ಖಲ್ಫಾನ್ ಏನೋ ಅನ್ನುತ್ತಿದ್ದಂತೆ ಲೈನ್ ಕಟ್ಟಾಯಿತು. ಆಮೇಲೆ ಎರಡು ದಿನ ಫೋನೇ ಇಲ್ಲ.

ಆ ಎರಡು ದಿನ ಲಿಗೋರಿ ಉಳಿ ಮುಟ್ಟಲಿಲ್ಲ. ಶುಕ್ರವಾರ ರೂವಿಯ ಚರ್ಚಿಗೆ ಹೋಗಿ ಪೂಜೆ ಮುಗಿದರೂ ಎದ್ದು ಬರಲಿಲ್ಲ ಎಂದು ಜೇನ್ ಹೇಳಿದರು. ದೇವರ ಹತ್ತಿರವಾದರೂ ಇಂಗ್ಲಿಷಿನಲ್ಲೋ ಕೊಂಕಣಿಯಲ್ಲೋ ಸರಿಯಾಗಿ ಕೇಳಿಕೊಂಡಿರಲಿ, ಮತ್ತೆ ಪದ ತಪ್ಪದಿರಲಿ ಎಂದು ನಾನು ತಮಾಷೆ ಮಾಡಿದೆ. ಆದರೆ ಸಂಜೆ ನಾನೂ ಎರಡು ಸಲ ಅಂಗಡಿಯ ಮುಂದೆ ಹಾದುಹೋದೆ, ಕುರ್ಚಿಯ ನೆಪದಲ್ಲಿ.

ಶನಿವಾರ ಮಧ್ಯಾಹ್ನ ನಾನು ಅಲ್ಲೇ ಇದ್ದಾಗ ಫೋನ್ ಬಂತು. ಲಿಗೋರಿ ಕಿವಿಗಿಟ್ಟುಕೊಂಡು ಕೇಳಿದರು, ಕೇಳುತ್ತ ಕೇಳುತ್ತ ಮರದ ಪುಡಿಯ ರಾಶಿಯ ಮೇಲೆ ಕುಸಿದು ಕುಳಿತರು. ನಾನು ಹತ್ತಿರ ಓಡಿದೆ. ಅಷ್ಟರಲ್ಲಿ ಅವರು ತಲೆಯೆತ್ತಿ, "ಇದ್ದಾರೆ ಟೀಚರ್. ಚೆನ್ನಾಗಿದ್ದಾರೆ" ಎಂದು ಅಳತೊಡಗಿದರು. ನನಗೂ ಕಣ್ಣು ತುಂಬಿತು, ಇದನ್ನು ಮುಚ್ಚಿಡುವುದೇಕೆ.

ಒಂದು ವಾರದ ಮೇಲೆ ಖಲ್ಫಾನ್ ನೇರ ಅಂಗಡಿಗೇ ಬಂದರು. ಲಿಗೋರಿಯವರನ್ನು ಎಡಗೈಯಿಂದ ಮಾತ್ರ ತಬ್ಬಿಕೊಂಡರು, ಬಲಭುಜ ಇನ್ನೂ ನೇರಳೆ ಬಣ್ಣದಲ್ಲೇ ಇತ್ತಂತೆ. ಲಿಗೋರಿಯವರ ಮಾತಿಗೆ ಪ್ಯಾಡನ್ನೇನೋ ಬಿಚ್ಚಿದ್ದರಂತೆ, ಆದರೂ ತಮ್ಮ ಹಳೆಯ ಕೋವಿಯ ಮೇಲಿನ ಮೋಹ ಬಿಡದೆ ಕೈಯಲ್ಲಿ ಅದನ್ನೇ ಹಿಡಿದು ನಡೆದಿದ್ದರು. ಪೊದೆಯಿಂದ ಎಮ್ಮೆ ನುಗ್ಗಿದಾಗ ಅದು ಜಾಕೆಟ್ಟಿನ ಕಂಕುಳಲ್ಲಿ ಸಿಕ್ಕಿಕೊಂಡಿತು. ಕೆಳಗೆಸೆದು ಜೊತೆಯವನ ಕೈಯಿಂದ ಪ್ಯಾಡ್ ಬಿಚ್ಚಿದ ಬೋಳು ಕೋವಿಯನ್ನು ಕಿತ್ತುಕೊಂಡರು.

"ಭುಜಕ್ಕೆ ತಾನೇ ಬಂದು ಕೂತಿತು. ಹೆಬ್ಬೆರಳು ಲಾಕ್ ಹುಡುಕಲಿಲ್ಲ" ಎಂದರು ಖಲ್ಫಾನ್. "ಎಮ್ಮೆ ಹನ್ನೆರಡು ಹೆಜ್ಜೆ ದೂರದಲ್ಲಿ ಬಿತ್ತು. ನಾನೇ ಹೆಜ್ಜೆ ಹಾಕಿ ಎಣಿಸಿದೆ. ಸಾಕು ಲಿಗೋರಿ, ಇನ್ನು ಬೇಟೆಗೆ ಹೋಗುವುದಿಲ್ಲ."

ಆಗ ಲಿಗೋರಿ ಎರಡು ತಿಂಗಳಿನಿಂದ ನುಂಗಿಕೊಂಡಿದ್ದನ್ನು ಹೇಳಿಬಿಟ್ಟರು. ನೀವು ಸ್ಪೇರ್ ಯಾವುದು ಅಂತ ಕೇಳಿದಿರಿ, ನಾನು ಜಾಗ್ರತೆ ಅಂದುಕೊಂಡೆ. ಖಲ್ಫಾನ್ ಭುಜ ಹಿಡಿದುಕೊಂಡು, ನೋವಿನಲ್ಲೂ ನಕ್ಕರು. ಅರಬ್ಬಿಯಲ್ಲೂ ಆ ಪದದ ಬುಡ ಜಾಗ್ರತೆಯೇ ಎಂದರು.

ಲಿಗೋರಿ ನಗಲಿಲ್ಲ. ಹಳೆಯ ಕೋವಿಯನ್ನೂ ಜಾಕೆಟ್ಟನ್ನೂ ತರಿಸಿ ಎಂದರು. ಇನ್ನು ಹೋಗುವುದಿಲ್ಲ ಅಂದೆನಲ್ಲ ಎಂದು ಖಲ್ಫಾನ್ ಹೇಳಿದರೂ ಕೇಳಲಿಲ್ಲ.

"ಹೋಗುದು ಬಿಡುದು ನಿಮ್ಮಿಷ್ಟ. ನನ್ನ ಅಂಗಡಿಯಿಂದ ತಪ್ಪು ಅಳತೆಯ ಕೋವಿ ಹೊರಗೆ ಇರ್ಲಿಕ್ಕಿಲ್ಲ."

ಮರುದಿನ ನನ್ನ ಕುರ್ಚಿ ತರಲು ಹೋದೆ. ಅಂಗಡಿಯ ಏಸಿ ಕೆಟ್ಟಿತ್ತು. ಆ ಸೆಕೆಯಲ್ಲಿ ಖಲ್ಫಾನ್ ದಿಶ್‌ದಾಶಾದ ಮೇಲೆ ಹತ್ತಿಯ ಜಾಕೆಟ್ ತೊಟ್ಟು, ಕುತ್ತಿಗೆಯವರೆಗೂ ಜಿಪ್ ಎಳೆದು, ಬೆವರು ಸುರಿಸುತ್ತ ಕೈ ಚಾಚಿ ನಿಂತಿದ್ದರು. ಲಿಗೋರಿ ಟೇಪು ಹಿಡಿದು ಅಳೆದರು, ಪೆನ್ಸಿಲಿನಿಂದ ಹಳೆಯ ಕೋವಿಯ ಮರದ ಮೇಲೆ ಗುರುತು ಹಾಕಿದರು.

"ಆಯಿತಾ?" ಎಂದರು ಖಲ್ಫಾನ್.

"ಅಲುಗಾಡಬೇಡಿ" ಎಂದು ಲಿಗೋರಿ ಮತ್ತೊಮ್ಮೆ ಅಳೆದರು.