ನೆಗೆಣ್ಣಿಯ ಹೆಸರಿನ ಮಷೀನು

ಟಕ್, ಟಕ್, ಒಂದು ಸಣ್ಣ ಬಿಡುವು, ಮತ್ತೆ ಟಕ್. ಬಳ್ಳಾರಿಯ ಸತ್ಯನಾರಾಯಣಪೇಟೆಯ ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಜೀನ್ಸ್ ಪ್ಯಾಂಟಿಗೆ ಗುಂಡಿ ಹೊಡೆಯುವ ಪ್ರೆಸ್ಸಿನ ಸದ್ದು ಅದು. ಮಧ್ಯಾಹ್ನದ ನಿದ್ದೆಗೆ ಅಡ್ಡಿಯೆಂದು ಆ ಹೊಲಿಗೆ ಯೂನಿಟ್ಟಿನ ಮೇಸ್ತ್ರಿಗೆ ನಾನು ಎರಡು ಸಲ ಕಂಪ್ಲೇಂಟ್ ಮಾಡಿದ್ದೆ. ಒಂದು ಸೋಮವಾರ ಹನ್ನೊಂದಾದರೂ ಸದ್ದಿಲ್ಲ. ನಮ್ಮ ಹಿತ್ತಿಲ ಕೋಣೆಯಲ್ಲಿ ಬಾಡಿಗೆಗಿದ್ದು ಅಲ್ಲೇ ಹೊಲಿಗೆಗೆ ಹೋಗುತ್ತಿದ್ದ ಹೆಂಗಸು ಹೋದ ಹಾಗೆಯೇ ತಿರುಗಿ ಬಂದು ಕಟ್ಟೆಯ ಮೇಲೆ ಕುಳಿತಳು.

"ಅಮ್ಮಾರ, ಯೂನಿಟ್ಟಿಗಿ ಬೀಗ ಬಿದ್ದೈತಿ. ಹೊರದೇಶದ ಪ್ಯಾಂಟು ನಮ್ಮಕಿಂತ ಅಗ್ಗ ಬರತಾವಂತ, ನಮ್ಮವು ಯಾರಿಗೂ ಬ್ಯಾಡಂತ. ಇನ್ನ ನೀವು ಆರಾಮ ಮಲಕೋರಿ."

ನಗಿಸಲೆಂದೇ ಹೇಳಿದ್ದಳು. ನನಗೆ ನಗು ಬರಲಿಲ್ಲ.

ಅವಳ ಗಂಡನ ಮನೆ ಸಿರುಗುಪ್ಪದ ಕಡೆ ಹಚ್ಚೊಳ್ಳಿ. ಗಂಡ ಇನ್ನೊಬ್ಬಳನ್ನು ಮನೆಗೆ ತಂದು, ಇವಳನ್ನು ಅಡುಗೆಗೆ ಮಾತ್ರ ಇಟ್ಟುಕೊಂಡ ಮೇಲೆ ಬಿಟ್ಟು ಬಂದವಳು. ಕರೆತಂದದ್ದು ಅವಳ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ. ಆಕೆ ವಿಧವೆ, ಮೊದಲೇ ಬಳ್ಳಾರಿಗೆ ಬಂದು ಹೊಲಿಗೆ ಕಲಿತಿದ್ದಳು. ಈಗ ಇವಳು ಇನ್ನೊಂದು ಯೂನಿಟ್ಟಿನಲ್ಲಿ ಕೆಲಸ ಸಿಗುವವರೆಗೆ ಎರಡು ಮೂರು ತಿಂಗಳು ಇಲ್ಲೇ ತಡೆದು ನಿಲ್ಲಬೇಕಿತ್ತು. ನಿಲ್ಲಲಾಗದಿದ್ದರೆ ಮತ್ತೆ ಆ ಅಡುಗೆಮನೆಯೇ ಗತಿ.

ಕೆಲಸ ಕಳೆದುಕೊಂಡ ವಿಮಾದಾರ ಕಾರ್ಮಿಕರಿಗೆ ಸರ್ಕಾರ ಕೆಲವು ತಿಂಗಳು ಭತ್ಯೆ ಕೊಡುತ್ತದೆಂದು ಪೇಪರಿನಲ್ಲಿ ಓದಿದ್ದವಳು ನಾನೇ. ಫಾರ್ಮ್ ತರಿಸಿದೆ. ತಾನಾಗಿ ಬಿಟ್ಟವರಿಗಿಲ್ಲ, ತಪ್ಪು ಮಾಡಿ ಹೊರಬಿದ್ದವರಿಗಿಲ್ಲ, ಇಷ್ಟು ಕಾಲ ವಿಮೆಯ ಕಂತು ಕಟ್ಟಿರದಿದ್ದರೆ ಇಲ್ಲ. ಹೊರದೇಶದ ಮಾಲಿನಿಂದ ಕೆಲಸ ಹೋದವರಿಗೆ ಬೇರೆ ಕಾಲಮ್ಮೇ ಇರಲಿಲ್ಲ. 'ಕಾರ್ಖಾನೆ ಮುಚ್ಚಿದ್ದರಿಂದ' ಎಂಬುದಕ್ಕೆ ಟಿಕ್ ಹಾಕಿದೆ. "ಯು ಆರ್ ಎಲಿಜಿಬಲ್," ಎಂದು ಹೇಳಿ, ವಿಮೆಯ ಕಾರ್ಡು ಕೇಳಿದೆ. ಅವಳು ತಂದಿಟ್ಟಳು. ಅದರಲ್ಲಿದ್ದದ್ದು ನೆಗೆಣ್ಣಿಯ ಹೆಸರು.

ಆ ಯೂನಿಟ್ಟಿನಲ್ಲಿ ಒಂದು ವಾಡಿಕೆಯಿತ್ತು. ಹೊಲಿಯುವವಳು ಬಾಣಂತನಕ್ಕೋ ಊರಿಗೋ ಹೋದರೆ ಅವಳ ಮಷೀನಿಗೆ ಅವಳ ಮನೆಯವಳೇ ಕೂರಬೇಕು, ಹೊರಗಿನವರಿಗೆ ಬಿಟ್ಟುಕೊಡುವಂತಿಲ್ಲ. ರಿಜಿಸ್ಟರಿನಲ್ಲಿ ಹಳೆಯ ಹೆಸರೇ ಓಡುತ್ತದೆ, ಬದಲಾಯಿಸಿದರೆ ಹೊಸಬಳು ಕಲಿಯುವವರ ಕೂಲಿಗೆ ಇಳಿಯಬೇಕು. ನೆಗೆಣ್ಣಿ ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳಲು ತವರಿಗೆ, ಕುರುಗೋಡಿಗೆ, ಹೋದಾಗ ಇವಳು ಆ ಮಷೀನಿಗೆ ಕುಳಿತಿದ್ದಳು. ಮೂರು ವರ್ಷ ಮೇಸ್ತ್ರಿ ಕೂಗಿದ್ದೂ ನೆಗೆಣ್ಣಿಯ ಹೆಸರನ್ನೇ, ಇವಳು ಓಗೊಟ್ಟದ್ದೂ ಅದಕ್ಕೇ.

ಅರ್ಜಿಗೆ ಉಳಿದದ್ದು ಆರೇ ದಿನ, ಕಾರ್ಡಿನ ಹೆಸರಿನವಳೇ ಬಂದು ಕೇಳಬೇಕು. ನಾವಿಬ್ಬರೂ ಕುರುಗೋಡಿನ ಬಸ್ಸು ಹತ್ತಿದೆವು. ನೆಗೆಣ್ಣಿ ಬಾಗಿಲಲ್ಲೇ ಸೊಂಟಕ್ಕೆ ಕೈಯಿಟ್ಟು ನಿಂತಳು.

"ನನ್ನ ಹೆಸರು ಬೇಕೇನಲೇ? ತಗೋ. ಅದೇನ ಸವದು ಹೋಗತೈತೇನು?"

"ಬರೇ ಹೆಸರಲ್ಲಕ್ಕ, ನೀನೂ ಬರಬೇಕು. ಹೆಬ್ಬಟ್ಟು ಒತ್ತಬೇಕು."

"ಹೆಬ್ಬಟ್ಟಿಗೂ ಬರತೀನಿ, ರೊಕ್ಕ ಬಂದ್ರ ನಿನಗ ಕೊಡ್ತೀನಿ. ನಾ ಇಲ್ಲಿ ನಮ್ಮವ್ವನ್ನ ನೋಡ್ಕೊಂಡದ್ದು ಮಾತ್ರ ಯಾವ ರಿಜಿಸ್ಟರಿನ್ಯಾಗೂ ಯಾರೂ ಬರಕೊಳ್ಳಾಂಗಿಲ್ಲ!" ಎಂದು ನಕ್ಕಳು.

ರಾತ್ರಿ ಅಲ್ಲೇ ತಂಗಿ, ಮರುದಿನ ಮೂವರೂ ಬಳ್ಳಾರಿಯ ವಿಮಾ ಕಚೇರಿಗೆ ಬರುವಾಗ ಬಸ್ಸಿನಲ್ಲಿ ಇವಳು ಆಕೆಗೆ ಪಾಠ ಹೇಳುತ್ತಲೇ ಇದ್ದಳು: ಕಡೆಯ ದಿನ ಏನು ಹೊಲಿದೆ, ಪಕ್ಕದ ಮಷೀನಿನಲ್ಲಿ ಯಾರಿದ್ದರು. ನಾನು ಕಿಟಕಿಯಾಚೆ ನೋಡುತ್ತಿದ್ದೆ. ನಾನು ಓದಿದ ಕಾನ್ವೆಂಟಿನ ಸಿಸ್ಟರ್‌ಗಳು ಸುಳ್ಳಿಗೆ ಕೈಮೇಲೆ ಫುಟ್‌ರೂಲರಿನಿಂದ ಹೊಡೆಯುತ್ತಿದ್ದರು. ಎಪ್ಪತ್ತಾರು ವರ್ಷವಾದರೂ ಆ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೆ.

ಅಧಿಕಾರಿ ಚಿಕ್ಕ ವಯಸ್ಸಿನವನು, ಒಳ್ಳೆಯವನೇ. "ಕಡೀಕ ಏನ್ ಕೆಲಸ ಮಾಡತಿದ್ರಿ?" ಎಂದು ನೆಗೆಣ್ಣಿಯನ್ನು ಕೇಳಿದ.

"ಪ್ಯಾಂಟಿನ ನಡಕ್ಕ ಬೆಲ್ಟ್ ಹಚ್ಚೋದ್ರೀ ಸಾಹೇಬ್ರ. ನನ್ನ ನಡಾ ಹೋತು ನೋಡ್ರಿ ಅದರಾಗ."

ಅವನು ನಕ್ಕ. ಇವಳು ನನ್ನ ಹಿಂದೆ ನಿಂತಿದ್ದಳು. ಕಾಗದ ನನ್ನ ಕಡೆ ಸರಿಯಿತು. "ಇವರು ಮುಚ್ಚೋತನಕ ಅಲ್ಲೇ ದುಡಿದದ್ದು ನಿಮಗೆ ಗೊತ್ತಲ್ಲ, ಮೇಡಂ? ಇಲ್ಲೊಂದು ಸೈನ್ ಮಾಡಿ."

ಪೆನ್ನು ಹಿಡಿದೆ. ಸೈನ್ ಮಾಡಿದ್ದರೆ ಮುಗಿಯುತ್ತಿತ್ತು. "ಸ್ಟ್ರಿಕ್ಟ್ಲಿ ಸ್ಪೀಕಿಂಗ್, ಆಫೀಸರ್..." ಎಂದು ಶುರುಮಾಡಿದೆ. ವಾಡಿಕೆ, ಮಷೀನು, ಮೂರು ವರ್ಷದ ದುಡಿಮೆ, ಎಲ್ಲವನ್ನೂ ಒಳ್ಳೆಯ ಇಂಗ್ಲಿಷಿನಲ್ಲಿ ಹೇಳಿದೆ. ಬ್ಯಾಂಕಿನಲ್ಲಿ, ಗ್ಯಾಸ್ ಆಫೀಸಿನಲ್ಲಿ ನನ್ನ ಇಂಗ್ಲಿಷಿಗೆ ಕುರ್ಚಿ ಬರುತ್ತಿತ್ತು, ಕೆಲಸವಾಗುತ್ತಿತ್ತು. ಸತ್ಯವನ್ನು ಚೆನ್ನಾಗಿ ಹೇಳಿದರೆ ದಾರಿ ಸಿಕ್ಕೇ ಸಿಗುತ್ತದೆಂದು ನಾನು ನಂಬಿದ್ದೆ.

ಅವನು ಕಾಗದವನ್ನು ಮೆಲ್ಲಗೆ ವಾಪಸ್ಸು ಎಳೆದುಕೊಂಡ. "ನನಗೆ ಹೇಳಬಾರದಿತ್ತು, ಮೇಡಂ. ಹೆಸರಿರೋರು ದುಡಿದಿಲ್ಲ, ದುಡಿದೋರ ಹೆಸರಿಲ್ಲ. ಈಗ ಇಬ್ಬರಿಗೂ ಬರೋದಿಲ್ಲ."

ಮೆಟ್ಟಿಲಲ್ಲಿ ಇವಳು ಕೇಳಿದಳು: "ಅಮ್ಮಾರ, ಇಂಗ್ಲೀಷಿನ್ಯಾಗ ಏನಂದ್ರಿ?"

ಹೇಳಿದೆ. ಅವಳು ಬೈಯಲಿಲ್ಲ. ಬೈದದ್ದು ನೆಗೆಣ್ಣಿ: "ಅಷ್ಟು ಖರೇ ಹೇಳೋದಿದ್ರ ಬಸ್ಸಿನ್ಯಾಗ ಹೇಳಬೇಕಿತ್ತ್ರೀ, ನಾವಾರ ಇಳಕೊಂತಿದ್ವಿ."

ಮುಂದಿನ ತಿಂಗಳು ಬಾಡಿಗೆ ಬೇಡವೆಂದೆ. ಅವಳು ಒಪ್ಪಲಿಲ್ಲ. "ಬ್ಯಾಡ್ರಿ, ಪುಕ್ಕಟ ಇದ್ದು ನಿಮ್ಮ ಮುಂದ ಓಡ್ಯಾಡಾಕ ನನಗ ಆಗಂಗಿಲ್ಲ," ಎಂದಳು. ನಾಲ್ಕು ಯೂನಿಟ್ಟು ಸುತ್ತಿದಳು. ಎಲ್ಲ ಕಡೆ ಇದ್ದವರನ್ನೇ ಕಡಿಮೆ ಮಾಡುತ್ತಿದ್ದರು.

ನಾನು ಅವಳನ್ನು ಕೊನೆಯ ಸಲ ನೋಡಿದ್ದು ಬಸ್‌ಸ್ಟ್ಯಾಂಡಿನಲ್ಲಿ, ಗಂಡನೂರಿನ ಕಡೆ ಹೊರಟ ಸಿರುಗುಪ್ಪದ ಬಸ್ಸಿನ ಕಿಟಕಿಯಲ್ಲಿ. ಅವಳು ಮೂರು ವರ್ಷ ಹೊಲಿದಿದ್ದಾಳೆ, ಕೆಲಸ ಗಟ್ಟಿ ಎಂದು ಒಂದು ಸರ್ಟಿಫಿಕೇಟನ್ನು ಟೈಪ್ ಮಾಡಿಸಿ ಒಯ್ದಿದ್ದೆ. ಕಂಬಿಗಳ ನಡುವೆ ಕೈಚಾಚಿ ಇಸಿದುಕೊಂಡಳು. ತಿರುಗಿಸಿ ನೋಡಿದಳು.

"ಯಾರ ಹೆಸರಿಗಿ ಬರಸೀರಿ, ಅಮ್ಮಾರ?"

"ನಿನ್ನ ಹೆಸರಿಗೇ."

ಅವಳು ತಲೆಯಾಡಿಸಿದಳು. ಅಷ್ಟರಲ್ಲಿ ಗಂಟು ಹೊತ್ತ ಮುದುಕಿಯೊಬ್ಬಳು ಹತ್ತಿ ಬಂದಳು. ಇವಳು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ ತುರುಕಿ, ಆಕೆಗೆ ಜಾಗ ಮಾಡಿಕೊಡಲು ಸರಿದು ಕುಳಿತಳು. ಕಿಟಕಿಯಲ್ಲಿ ಆಮೇಲೆ ನನಗೆ ಕಂಡದ್ದು ಅವಳ ಮೊಣಕೈ ಮಾತ್ರ.