ಯಾರೂ ತಟ್ಟದ ಸದ್ದು

ಎಣ್ಣೆ ಕಂಪನಿಯ ಟ್ಯಾಂಕು ಎಂದರೆ ಮನೆಯ ಮಾಳಿಗೆ ಮೇಲಿನ ನೀರಿನ ಟ್ಯಾಂಕಲ್ಲ. ಒಂದು ಬೀದಿಯ ಮನೆಗಳನ್ನೆಲ್ಲ ಎತ್ತಿ ಒಳಗಿಡಬಹುದು, ಅಷ್ಟು ದೊಡ್ಡದು. ಎಣ್ಣೆಯನ್ನೆಲ್ಲ ಬಸಿದ ಮೇಲೂ ತಳದಲ್ಲಿ ಕಪ್ಪು ಗಸಿ ಉಳಿಯುತ್ತದೆ. ಅದನ್ನು ಬಾಚಿ ತೆಗೆಯಲು ಜನ ಒಳಗೆ ಹೋಗಲೇಬೇಕು. ಹೋಗುವ ದಾರಿ ಎಂದರೆ ಗೋಡೆಯ ಬುಡದಲ್ಲಿರುವ ದುಂಡನೆಯ ಕಿಂಡಿ. ಮೈ ಮುದುರಿಕೊಂಡರೆ ಒಬ್ಬ ತೂರಬಹುದು. ಒಳಗಿನ ಗಾಳಿ ನಂಬುವಂಥದ್ದಲ್ಲ. ಅದಕ್ಕೇ ಕಿಂಡಿಯ ಹೊರಗೆ ಒಬ್ಬ ಕಾವಲು ಕೂತಿರಬೇಕು. ಒಳಗಿರುವವರು ಆಗಾಗ ಮರದ ಸುತ್ತಿಗೆಯಿಂದ ಗೋಡೆಗೆ ಎರಡು ಸಲ ತಟ್ಟುತ್ತಾರೆ. ಮುಖಕ್ಕೆ ಮುಖವಾಡ ಇರುವುದರಿಂದ ಮಾತಿಲ್ಲ, ತಟ್ಟುವುದೇ ಮಾತು: ‘ಚೆನ್ನಾಗಿದ್ದೇವೆ.’ ಹೊರಗಿನವನು ಎರಡು ಸಲ ತಟ್ಟಬೇಕು: ‘ಇಲ್ಲೇ ಇದ್ದೇನೆ.’ ತಟ್ಟುವುದು ನಿಂತರೆ ಕೂಗು ಹಾಕಿ ಜನ ಕರೆಯಬೇಕು. ಅವನ ಕೆಲಸ ಅಷ್ಟೇ.

ಹಾಗೆ ಕೂತೂ ಕೂತೂ ಒಬ್ಬ ಕಾವಲಿನವನಿಗೆ ಕಿಂಡಿಮಾವ ಎಂದೇ ಹೆಸರು ಬಿದ್ದಿತ್ತು. ಸುಮ್ಮನೆ ಕೂರುವ ಕೆಲಸ ಎಂದು ಹೊಸಬರು ನಗುತ್ತಿದ್ದರು. ಅವನಿಗೆ ಮಾತ್ರ ಅದು ಬೇರೆಯೇ ಲೋಕ. ಬೆನ್ನಿಗೆ ಬಿಸಿಲು, ಅಂಗೈ ಕೆಳಗೆ ಕಬ್ಬಿಣ. ಒಳಗೆ ಸಲಿಕೆ ಎಳೆದರೆ ದೂರದಲ್ಲಿ ಯಾರೋ ಚಾಪೆ ಸುತ್ತಿದ ಹಾಗೆ ಕೇಳುತ್ತಿತ್ತು. ಬಿಸಿಲೇರಿದಂತೆ ಟ್ಯಾಂಕು ತಾನೇ ತಾನಾಗಿ ನಿಟ್ಟುಸಿರು ಬಿಡುತ್ತಿತ್ತು. ಅದರ ನಡುವೆ ಟಕ್, ಟಕ್. ನೀರಿನ ತಳದಿಂದ ಗುಳ್ಳೆ ಎದ್ದು ಬಂದ ಹಾಗೆ. ಆ ಸದ್ದು ಬಂದಾಗ ಅವನ ಮುಖದಲ್ಲಿ ಮೂಡುತ್ತಿದ್ದ ಬೆಳಕನ್ನು ಹೆಂಡತಿ ಮದುವೆಮನೆಯಲ್ಲೂ ಕಂಡಿರಲಿಲ್ಲವಂತೆ.

ಈಚೆಗೆ ಮನೆಯಲ್ಲಿ ಜಗಳ ಒಂದೇ.

“ಕರೆದೂ ಕರೆದೂ ಗಂಟಲು ಒಣಗ್ತು. ನಾನು ಮಾತಾಡೋದು ನಿಮ್ಮ ಹತ್ರಾನೋ, ಗೋಡೆ ಹತ್ರಾನೋ?”

“ನೀನೇ ಈಚೆಗೆ ಪಿಸುಪಿಸು ಅಂತೀಯ.”

“ಕಟ್ಟಿಕೊಂಡಾಗಿಂದ ನನ್ನನ್ನ ಪಿಸುಮಾತಿನವಳು ಅಂದಿದ್ದು ನೀವೊಬ್ರೇ!”

ಟ್ಯಾಂಕು ತೊಳೆಯುವ ಗುತ್ತಿಗೆ ಅವಳ ತಮ್ಮನದು. ಒಂದು ಸಂಜೆ ಅವನು ಬಂದು ಕುರ್ಚಿಯಲ್ಲಿ ಕುಸಿದು ಕೂತ.

“ಭಾವ, ಕಂಪನೀಲಿ ಹೊಸ ಕಾನೂನು ಬಂದಿದೆ. ಕೆಲಸ ಕೇಳೋಕೆ ಮುಂಚೆ ನಾವು ಯೋಗ್ಯರು ಅಂತ ಪಾಸಾಗಬೇಕು. ತರಬೇತಿ, ವಿಮೆ, ಹಿಂದೆ ಆದ ಅಪಘಾತ, ಎಲ್ಲಾ ತೋರಿಸಬೇಕು. ದನದ ಸಂತೇಲಿ ಹಲ್ಲು ಹಿಡಿದು ನೋಡ್ತಾರಲ್ಲ, ಹಾಗೆ ಒಬ್ಬೊಬ್ಬರನ್ನೂ ನೋಡ್ತಾರೆ. ಆಮೇಲೇ ಗೇಟು.”

“ನೋಡ್ಲಿ ಬಿಡು. ನನ್ನ ಹಲ್ಲು ಗಟ್ಟಿಯಾಗೇ ಇದೆ.”

“ನಿಮ್ಮ ಮೇಲೇ ನಿಂತಿದೆ ಭಾವ. ಕಾವಲಿಗೆ ಹಳೇ ಕೈ ಇರಲೇಬೇಕಂತೆ. ನಮ್ಮಲ್ಲಿ ನೀವು ಬಿಟ್ರೆ ಇನ್ಯಾರಿದ್ದಾರೆ?”

ಆಸ್ಪತ್ರೆಯಲ್ಲಿ ಕಣ್ಣು, ಎದೆ, ರಕ್ತ ಎಲ್ಲ ಮುಗಿದು ಸರದಿ ಕಿವಿಗೆ ಬಂತು. ಗಾಜಿನ ಪುಟ್ಟ ಕೋಣೆ. ಪರೀಕ್ಷೆ ಮಾಡುವ ಹುಡುಗಿ ಅವನ ಕಿವಿಗೆ ಮೆತ್ತನೆಯ ಬಟ್ಟಲಿನಂಥವನ್ನು ಮುಚ್ಚಿ, ಸದ್ದು ಕೇಳಿದಾಗ ಕೈ ಎತ್ತಿ ಎಂದು ಸನ್ನೆ ಮಾಡಿ ತೋರಿಸಿ ಬಾಗಿಲು ಹಾಕಿದಳು.

ಅಂಥ ನಿಶ್ಶಬ್ದವನ್ನು ಅವನು ಕಂಡಿರಲಿಲ್ಲ. ಕಣ್ಣು ತಾನಾಗಿ ಮುಚ್ಚಿತು. ಬೆನ್ನಿಗೆ ಬಿಸಿಲು ಬಂದ ಹಾಗಾಯಿತು. ಎಲ್ಲೋ ಚಾಪೆ ಸುತ್ತಿದರು. ಟ್ಯಾಂಕು ಉಸಿರು ಬಿಟ್ಟಿತು. ಟಕ್, ಟಕ್. ಅವನು ಕೈ ಎತ್ತಿದ. ಮತ್ತೆ ಗುಳ್ಳೆ ಎದ್ದು ಬಂತು. ಮತ್ತೆ ಎತ್ತಿದ. ಇಷ್ಟು ಸುಲಭದ ಪರೀಕ್ಷೆಯೇ ಎಂದು ನಗು ಕೂಡ ಬಂತು.

ಹೊರಗೆ ಬಂದಾಗ ಹುಡುಗಿಯ ಮುಖ ಸಪ್ಪಗಿತ್ತು. ಅವಳು ಹತ್ತಿರ ಬಂದು ಗಟ್ಟಿಯಾಗಿ ಹೇಳಿದಳು: “ಯಜಮಾನ್ರೇ, ನಾನು ಸದ್ದು ಕೊಟ್ಟಾಗ ನೀವು ಕೈ ಎತ್ತಲಿಲ್ಲ. ಕೊಡದೇ ಇದ್ದಾಗ ಎತ್ತಿದ್ರಿ.”

ಚೀಟಿಯಲ್ಲಿ ‘ಕಾವಲಿಗೆ ತಕ್ಕವರಲ್ಲ’ ಎಂದಿತ್ತು. ಬಾಮೈದ ತಲೆ ಮೇಲೆ ಕೈ ಹೊತ್ತು ಕೂತ. ಸ್ವಲ್ಪ ಹೊತ್ತಿಗೆ ಚೇತರಿಸಿಕೊಂಡ.

“ಇನ್ನೊಬ್ಬ ಡಾಕ್ಟರು ಗೊತ್ತು ನಂಗೆ. ಕಣ್ಣು ಮುಚ್ಚಿ ಬರೆದುಕೊಡ್ತಾರೆ.”

“ಕಿವಿ ಕೇಳದವರಿಗೆ ಕಣ್ಣು ಮುಚ್ಚಿದೋನ ಚೀಟಿ,” ಎಂದಳು ಅವನ ಅಕ್ಕ. “ಚೆನ್ನಾಗಿದೆ ಕಣೋ ನಿನ್ನ ಕಂಪನಿ.”

ಕಿವಿ ಮಂದವಾದದ್ದು ಕಿಂಡಿಮಾವನಿಗೆ ದೊಡ್ಡದಾಗಿ ತೋರಲಿಲ್ಲ, ವಯಸ್ಸಾದವರಿಗೆ ಆಗುವುದೇ. ಕೊಡದ ಸದ್ದಿಗೆ ಕೈ ಎತ್ತಿದೆನಲ್ಲ, ಅದೇ ಎದೆಯಲ್ಲಿ ಕೊರೆಯುತ್ತಿತ್ತು. ಟ್ಯಾಂಕಿನೊಳಗೆ ಇಳಿಯುವವರಲ್ಲಿ ಅವನ ಮಗಳ ಗಂಡನೂ ಒಬ್ಬ.

ಮಾರನೆಯ ಮಧ್ಯಾಹ್ನ ಅಳಿಯನನ್ನು ಬಾಮೈದನ ಶೆಡ್ಡಿಗೆ ಕರೆದೊಯ್ದ. ಅಲ್ಲಿ ತರಬೇತಿಗೆಂದು ಇಟ್ಟ ಸಣ್ಣ ಟ್ಯಾಂಕೊಂದಿತ್ತು, ಎಣ್ಣೆಯ ವಾಸನೆ ಕೂಡ ಹೋಗಿಬಿಟ್ಟದ್ದು.

“ಒಳಗೆ ಹೋಗಿ ಕೂತ್ಕೋ. ಮನಸ್ಸು ಬಂದಾಗ ತಟ್ಟು. ಯಾವಾಗ ತಟ್ಟಿದೆ ಅಂತ ಬಂದ ಮೇಲೆ ಹೇಳು.”

“ಊಟದ ಹೊತ್ತಲ್ಲಿ ಇದೇನು ಆಟ ಮಾವ?” ಎನ್ನುತ್ತ ಅಳಿಯ ತೂರಿಕೊಂಡ.

ಕಿಂಡಿಮಾವ ಪಕ್ಕದಲ್ಲಿ ಕೂತು ಅಂಗೈ ಇಟ್ಟ. ಶೆಡ್ಡಿನ ತಗಡಿನ ತೂತುಗಳಿಂದ ಬಿಸಿಲು ನೆಲಕ್ಕೆ ಚುಕ್ಕಿ ಚುಕ್ಕಿಯಾಗಿ ಬಿದ್ದಿತ್ತು; ಧೂಳು ಅದರಲ್ಲಿ ಮೆಲ್ಲಗೆ ತೇಲುತ್ತಿತ್ತು. ಸ್ವಲ್ಪ ಹೊತ್ತಿಗೆ ಬಂತು. ಟಕ್, ಟಕ್. ಅದೇ ಇಂಪು. ಅವನು ಉತ್ತರ ಕೊಟ್ಟ. ಮತ್ತೆ ಬಂತು, ಮತ್ತೆ ಕೊಟ್ಟ. ಆ ಹುಡುಗಿಗೇನು ಗೊತ್ತು ಎಂದುಕೊಂಡ. ಮನಸ್ಸು ಹೂವಿನಂತೆ ಹಗುರಾಯಿತು.

ತಲೆ ಎತ್ತಿದರೆ ಬುತ್ತಿ ಹಿಡಿದು ಮಗಳು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

“ಅಪ್ಪಾ,” ಎಂದಳು, “ಯಾರಿಗೆ ಉತ್ತರ ಕೊಡ್ತಿದೀರಿ?”

ಅಷ್ಟರಲ್ಲಿ ಕಿಂಡಿಯಿಂದ ಅಳಿಯನ ತಲೆ ಹೊರಬಂತು, ಕಣ್ಣುಜ್ಜಿಕೊಳ್ಳುತ್ತ. “ಒಳಗೆ ತಂಪಾಗಿತ್ತು ಮಾವ, ನಿದ್ದೆ ಬಂದ್ಬಿಡ್ತು. ನಾನು ತಟ್ಟಲೇ ಇಲ್ಲ. ನೀವು ತಟ್ಟಿದ್ದಕ್ಕೇ ಎಚ್ಚರ ಆಯ್ತು.”

ಕಿಂಡಿಮಾವ ಅಂಗೈಯನ್ನು ಟ್ಯಾಂಕಿನಿಂದ ತೆಗೆದ. ನಿಜವಾದ ಟ್ಯಾಂಕಿನೊಳಗೆ ಹಾಗೆ ಮಲಗಿದವನು ಏಳುವುದಿಲ್ಲ. ಹೊರಗೆ ತಾನು ನಗುನಗುತ್ತ ಉತ್ತರ ಕೊಡುತ್ತ ಕೂತಿರುತ್ತಿದ್ದ. ಅವನು ಅಳಿಯನ ಹೆಗಲು, ತೋಳು, ತಲೆ ಎಲ್ಲ ಸವರಿ ನೋಡಿದ. ಅಳಿಯನಿಗೆ ನಾಚಿಕೆಯಾಯಿತು.

ಅವತ್ತೇ ಹೋಗಿ ಬಾಮೈದನಿಗೆ ಹೇಳಿದ: “ಬಂದ ಚೀಟೀನೇ ಕೊಡು. ಬೇರೆ ಡಾಕ್ಟರು ಬೇಡ.”

“ಗೇಟು ಮುಚ್ಚುತ್ತೆ ಭಾವ! ಅಷ್ಟು ಮನೆ ಒಲೆ ಉರೀಬೇಕಲ್ಲ. ಕಿಂಡೀಲಿ ಯಾರನ್ನ ಕೂರಿಸ್ಲಿ?”

“ನಾನು ಕೂರ್ತೀನಿ,” ಎಂದಳು ಹಿಂದೆಯೇ ಬಂದ ಮಗಳು.

“ನೀನಾ?”

“ಯಾಕೆ ಮಾವ? ಒಳಗಿರೋರು ನನ್ನ ಗಂಡ. ನಿದ್ದೇಲಿ ಅವರ ಗೊರಕೆ ನಿಂತ್ರೂ ನಂಗೆ ಎಚ್ಚರ ಆಗುತ್ತೆ.”

ಅವಳು ತರಬೇತಿಗೆ ಹೋದಳು. ಗಾಜಿನ ಕೋಣೆಯಲ್ಲಿ ಕೂತು ಸರಿಯಾದ ಹೊತ್ತಿಗೆ ಕೈ ಎತ್ತಿದಳು. ಸಂಜೆಗಳಲ್ಲಿ ಅಪ್ಪ ಶೆಡ್ಡಿನಲ್ಲಿ ಕಲಿಸಿದ: ಮಾತಿಗೆ ಯಾರೇ ಎಳೆದರೂ ಹೋಗಬೇಡ, ಎದ್ದು ನೀರು ಕುಡಿಯಲೂ ಬೇಡ, ಯಾರೇ ಬಿದ್ದರೂ ನೀನು ಒಳಗೆ ನುಗ್ಗಬೇಡ. ಕೊನೆಯದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಅವಳು ಒಪ್ಪಿಸಿದಳು. ಅವನು ಅದನ್ನು ಮತ್ತೆ ಮತ್ತೆ ಹೇಳಿಸಿದ. ಕಿವಿಯೊಂದನ್ನೇ ನಂಬಬಾರದೆಂದು ಒಳಗಿನವರ ಸೊಂಟದಿಂದ ಹಗ್ಗವೊಂದನ್ನು ಹೊರಗೆ ತಂದು ಅದಕ್ಕೆ ಕೆಂಪು ಬಟ್ಟೆ ಕಟ್ಟಿದರು. ತಟ್ಟಿದವನು ಹಗ್ಗವನ್ನೂ ಎಳೆಯಬೇಕು. ಬಟ್ಟೆ ಅಲ್ಲಾಡಿದರೇ ಉತ್ತರ.

ಕಂಪನಿಯ ತಪಾಸಣೆಯವರು ಶೆಡ್ಡಿಗೆ ಬಂದರು. ಎಲ್ಲ ನೋಡಿ ಕೇಳಿದರು: “ಈ ಹೆಣ್ಣುಮಗಳು ಹೊಸಬರು. ಮುಂಚೆ ಯಾರಿದ್ರು?”

ಬಾಮೈದ ಕೆಮ್ಮಿದ. ಪ್ರಶ್ನೆ ಕಿಂಡಿಮಾವನಿಗೆ ಕೇಳಿಸಲಿಲ್ಲ. ಮಗಳು ಟ್ಯಾಂಕಿನಿಂದ ಕಣ್ಣು ತೆಗೆಯದೆ ಅಪ್ಪನತ್ತ ಕೈ ತೋರಿದಳು. ಅದು ತಿಳಿಯಿತು ಅವನಿಗೆ.

“ನಾನೇ ಸಾರ್. ಯಾರೂ ತಟ್ಟದಿದ್ರೂ ನಂಗೆ ಕೇಳಿಸುತ್ತೆ. ಅದಕ್ಕೇ ಕಿಂಡಿ ಬಿಟ್ಟು ಎದ್ದೆ.”

ತಪಾಸಣೆಯವರು ಹೊಗಳಲೂ ಇಲ್ಲ, ಬೈಯಲೂ ಇಲ್ಲ. ಬರೆದುಕೊಂಡು ಹೋದರು.

ಉತ್ತರ ತಡವಾಗಿ ಬಂತು. ಹಳೆಯ ಕೈ ಇಲ್ಲದ್ದರಿಂದ ದೊಡ್ಡ ಟ್ಯಾಂಕು ಸಿಗಲಿಲ್ಲ. ಸದ್ಯಕ್ಕೆ ಸಣ್ಣವಷ್ಟೇ, ವರ್ಷದ ಮೇಲೆ ಮತ್ತೆ ಪರೀಕ್ಷೆ. “ಅರ್ಧ ಗೇಟು ತೆಗೆದರು,” ಎಂದು ಬಾಮೈದ ಗೊಣಗಿದ. ಆದರೂ ಅವತ್ತು ಎಲ್ಲರಿಗೂ ಸಿಹಿ ತಂದ.

ಮೊದಲ ದಿನ ಮಗಳು ಅಳಿಯ ಒಟ್ಟಿಗೆ ಕೆಲಸಕ್ಕೆ ಹೊರಟುಹೋದ ಮೇಲೆ ಮನೆ ಖಾಲಿಯಾಯಿತು. ಕಿಂಡಿಮಾವ ಬಾಗಿಲ ಬಳಿ ಗೋಡೆಗೊರಗಿ ಕೂತ. ಬಿಸಿಲು ಮೊಣಕಾಲವರೆಗೆ ಬಂದಿತ್ತು. ಕಣ್ಣು ಮುಚ್ಚಿದ.

ಟಕ್, ಟಕ್.

“ಲೇ, ನೀನು ತಟ್ಟಿದೆಯಾ?”

ಒಳಗಿಂದ ಉತ್ತರ ಕೊಟ್ಟರೂ ಅವನಿಗೆ ಕೇಳುವಂತಿರಲಿಲ್ಲ. ಹೆಂಡತಿಯೇ ಬಂದು ಎದುರಿಗೆ ನಿಂತು ಇಲ್ಲವೆಂದು ತಲೆಯಾಡಿಸಿದಳು.

“ಹಾಗಾದ್ರೆ ಇದು ನಂದು,” ಎಂದ. ಅದನ್ನು ನಂಬಿಕೊಂಡು ಈಗ ಯಾರ ಜೀವವೂ ಒಳಗಿರಲಿಲ್ಲ. ಎಷ್ಟು ಬೇಕಾದರೂ ಬರಲಿ.

ಅವಳು ಅಡುಗೆಮನೆಗೆ ಹಿಂದಿರುಗಿದಳು. ಸ್ವಲ್ಪ ನಿಂತು ಯೋಚಿಸಿ, ಸೌಟಿನ ಹಿಡಿಯಿಂದ ಗೋಡೆಗೆ ಎರಡು ಸಲ ತಟ್ಟಿದಳು.

ಆಚೆ ಬದಿಯಲ್ಲಿ ಅವನ ಅಂಗೈ ಗೋಡೆಯ ಮೇಲೇ ಇತ್ತು; ಗೋಡೆ ಅದುರಿದ್ದು ಅದಕ್ಕೆ ತಾಗಿತು.

“ಇದು ನಂದಲ್ಲ,” ಎಂದು ಕಣ್ಣು ತೆರೆಯದೆಯೇ ಹೇಳಿ ಅವನು ಮರಳಿ ತಟ್ಟಿದ.