ಒಂಬತ್ತನೇ ನಂಬರ್ ಬಸ್ಸಿನ ಎಂಜಿನ್

ವೆಲ್ಡಾ ಕ್ರೈಡರಳ ಕಾರು ನೋಡುವುದಕ್ಕೆ ಹುಲಿ, ಓಡುವುದಕ್ಕೆ ಹಸು ಎಂದು ವೆಕ್ಸ್‌ಲರ್ ಊರಿನವರು ಇಪ್ಪತ್ತೆರಡು ವರ್ಷ ಆಡಿಕೊಂಡರು. ಅದು ಅರವತ್ತೊಂಬತ್ತನೇ ಇಸವಿಯ ಶೆವೆಲ್ ಕಾರು. ಕಡು ಹಸಿರು ಬಣ್ಣ, ಉದ್ದ ಮೂತಿ, ಅಗಲವಾದ ಹಿಂಭಾಗ. ದಾರಿಬದಿಯಲ್ಲಿ ನಿಂತಿದ್ದರೆ ಗಂಡಸರು ಕತ್ತು ತಿರುಗಿಸಿ ನೋಡುತ್ತಿದ್ದರು. ಅವಳು ಕೀ ತಿರುಗಿಸಿದೊಡನೆ ನಗುತ್ತಿದ್ದರು. ಎಂಟು ಸಿಲಿಂಡರ್ ಗುಡುಗಬೇಕಾದ ಜಾಗದಲ್ಲಿ ಆರು ಸಿಲಿಂಡರಿನ ಎಂಜಿನ್ನು ಹೊಲಿಗೆ ಯಂತ್ರದ ಹಾಗೆ ಟಕಟಕ ಎನ್ನುತ್ತಿತ್ತು.

ಅದು ಅವಳು ಬಯಸಿ ಕೊಂಡ ಎಂಜಿನ್ನಲ್ಲ. ಟ್ರೇಲರ್ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಇಪ್ಪತ್ನಾಲ್ಕರ ಹುಡುಗಿ ಅಪ್ಪ ಆರ್ವಲ್‌ನನ್ನು ಕರೆದುಕೊಂಡು ಕಾರಿನ ಅಂಗಡಿಗೆ ಹೋಗಿದ್ದಳು. ಯಾವ ಎಂಜಿನ್ ಬೇಕೆಂದು ಅಂಗಡಿಯವನು ಕೇಳಿದ್ದು ಅವಳನ್ನಲ್ಲ, ಅಪ್ಪನನ್ನು. "ಆರು ಸಾಕು ಬಿಡಿ," ಎಂದ ಆರ್ವಲ್, ಮಗಳ ಕಡೆ ತಿರುಗಿ, "ನೀನೆಲ್ಲಿಗೆ ಓಡಿಹೋಗ್ಬೇಕು?" ಎಂದಿದ್ದ. ವೆಲ್ಡಾ ಎದುರಾಡಲಿಲ್ಲ. ಆಮೇಲೆ ಮದುವೆಯಾಯಿತು, ನಾಲ್ಕು ವರ್ಷಕ್ಕೆ ಅದು ಮುರಿದೂ ಹೋಯಿತು. ಕಾರ್ಖಾನೆ ಬಿಟ್ಟು ಶಾಲೆಯ ಬಸ್ಸು ಓಡಿಸುವ ಕೆಲಸ ಹಿಡಿದಳು. ಕಾರು ಮಾತ್ರ ಅದೇ ಉಳಿಯಿತು.

ಬಸ್ಸಿನ ನಂಬರು ಒಂಬತ್ತು. ಅದರ ಎಂಜಿನ್ನಿಗೆ ಎಂಟು ಸಿಲಿಂಡರ್, ಗಾತ್ರದಲ್ಲಿ ಕಾರಿನದರ ಒಂದೂವರೆಪಟ್ಟು. ಎಪ್ಪತ್ತೇಳರ ಜನವರಿಯಲ್ಲಿ ಶಾಲೆ ಬಿಟ್ಟು ಮಕ್ಕಳನ್ನು ಮನೆಗೆ ಮುಟ್ಟಿಸುವಾಗ ಹಿಮಗಾಳಿ ಎದ್ದು, ಬಸ್ಸು ಹೊಲಗಳ ನಡುವಿನ ರಸ್ತೆಯಲ್ಲಿ ಹೂತುಹೋಯಿತು. ಒಳಗೆ ಮೂವತ್ತೊಂದು ಮಕ್ಕಳು. ಹೀಟರ್ ಆರಿದರೆ ಕಥೆ ಮುಗಿದಂತೆ. ವೆಲ್ಡಾ ಏಳು ಗಂಟೆ ಕಾಲ ಎಂಜಿನ್ ನಿಲ್ಲಿಸಲಿಲ್ಲ. ಹೊಗೆ ಒಳಕ್ಕೆ ತಿರುಗದಿರಲಿ ಎಂದು ಕಾಲು ಗಂಟೆಗೊಮ್ಮೆ ಸಲಿಕೆ ಹಿಡಿದು ಇಳಿದು, ಸೈಲೆನ್ಸರ್ ಕೊಳವೆಯ ಬಾಯಿಗೆ ಕಟ್ಟಿಕೊಂಡ ಹಿಮವನ್ನು ಕೆರೆದು ಬರುತ್ತಿದ್ದಳು. ಹಿಮ ತಳ್ಳುವ ಲಾರಿ ಬಂದು ಬಿಡಿಸುವವರೆಗೂ ಎಂಜಿನ್ ಒಮ್ಮೆಯೂ ಕೆಮ್ಮಲಿಲ್ಲ. ಆ ಸದ್ದು ಅವಳ ಮೈಗೆ ಹತ್ತಿಬಿಟ್ಟಿತು.

ತೊಂಬತ್ತೊಂದರ ಬೇಸಿಗೆಯಲ್ಲಿ ಬಸ್ಸಿನ ತಳ ತುಕ್ಕು ಹಿಡಿದು ತೂತು ಬಿದ್ದು, ಅದನ್ನು ಗುಜರಿಗೆ ಹಾಕುವುದೆಂದು ತೀರ್ಮಾನವಾಯಿತು. ಎಂಜಿನ್ ಇನ್ನೂ ಗಟ್ಟಿಯಾಗಿತ್ತು. ತನ್ನ ಕಾರಿಗೆ ಹಾಕಿಕೊಳ್ಳಲು ಅದನ್ನು ತನಗೆ ಕೊಡಿರೆಂದು ವೆಲ್ಡಾ ಶಾಲೆಯ ಸಮಿತಿಗೆ ಚೀಟಿ ಬರೆದಳು. ಬೇರೆ ಯಾರೂ ಕೇಳಿರಲಿಲ್ಲ, ಕೊಟ್ಟರು.

ಈ ಸುದ್ದಿ ಕೇಳಿ ಮೊದಲು ಬಂದವನು ಅವಳ ಚಿಕ್ಕಪ್ಪನ ಮಗ ಡ್ವೈಟ್. ಅವನಿಗೆ ಎಂಜಿನ್ ರಿಪೇರಿಯ ಅಂಗಡಿಯಿತ್ತು, ರೇಸಿಗೆಂದೇ ಕಟ್ಟಿದ ಕಾರೂ ಇತ್ತು. ಶೆಡ್ಡಿನಲ್ಲಿ ಸರಪಳಿಗೆ ನೇತುಬಿದ್ದಿದ್ದ ಎಂಜಿನ್ನನ್ನು ಒಂದು ಸುತ್ತು ಹಾಕಿ ನೋಡಿದ.

"ಇದು ಲಾರಿಗೆ ಅಂತ ಎರಕ ಹೊಯ್ದಿದ್ದು ಕಣೆ. ಇದರ ಎತ್ತರಾನೇ ಬೇರೆ. ನಿನ್ನ ಬಾನೆಟ್ ಮುಚ್ಚಲ್ಲ. ಇದನ್ನ ಹಾಕ್ಕೊಂಡು ರೇಸಿಗೆ ಹೋದ್ರೆ, ಮಕ್ಕಳನ್ನ ಎಲ್ಲಿ ಹತ್ತಿಸ್ಕೊಳ್ತೀಯ ಅಂತ ಕೇಳ್ತಾರೆ."

"ಕೇಳ್ಲಿ. ನಿನ್ನನ್ನೂ ಹತ್ತಿಸ್ಕೊಂಡು ಹೋಗ್ತೀನಿ, ಹಿಂದಿನ ಸೀಟಲ್ಲಿ ಗಲಾಟೆ ಮಾಡದೆ ಕೂತ್ಕೊ," ಎಂದಳು ವೆಲ್ಡಾ.

ಕಾರಿಗೇ ಹೊಂದುವ ಎಂಜಿನ್ನೊಂದು ತನ್ನ ಅಂಗಡಿಯಲ್ಲಿ ಸಿದ್ಧವಾಗಿದೆ, ಬೇಕಾದರೆ ತೆಗೆದುಕೊಂಡು ಹೋಗು ಎಂದು ಡ್ವೈಟ್ ಹೇಳಿದ. ಅವನು ಮನಸಾರೆಯೇ ಹೇಳಿದ್ದು. ವೆಲ್ಡಾ ಒಪ್ಪಲಿಲ್ಲ.

ಬಸ್ಸಿನ ಎಂಜಿನ್ ಬಗ್ಗೆ ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲವೆಂದು ಆಗಸ್ಟ್ ಮುಗಿಯುವುದರೊಳಗೆ ಗೊತ್ತಾಯಿತು. ಮೊದಲ ಸಲ ಇಳಿಸಿದಾಗ ಎಂಜಿನ್ನಿನ ಎಣ್ಣೆ ತೊಟ್ಟಿ ಕಾರಿನ ತಳಚೌಕಟ್ಟಿನ ಅಡ್ಡಪಟ್ಟಿಯ ಮೇಲೆ ಕೂತುಬಿಟ್ಟಿತು. ಎತ್ತಿ, ತೊಟ್ಟಿ ಬದಲಿಸಿ ಮತ್ತೆ ಇಳಿಸಿದಳು. ಭಾರಕ್ಕೆ ಮುಂದಿನ ಸ್ಪ್ರಿಂಗುಗಳು ಕುಸಿದು ಕಾರು ಮೂಗು ಮುಗ್ಗರಿಸಿದ ಹಾಗೆ ನಿಂತಿತು. ಗಟ್ಟಿ ಸ್ಪ್ರಿಂಗ್ ಹಾಕಿದಳು. ಆಮೇಲೆ ಹೊಗೆ ಕೊಳವೆ ಸ್ಟಿಯರಿಂಗಿಗೆ ತಾಗಿತು. ಹಳೆಯ ಗೇರ್‌ಬಾಕ್ಸು ಈ ಜೋರನ್ನು ತಡೆಯುವಂಥದಲ್ಲ, ಬ್ರೇಕೂ ಸಾಲದು, ರೇಡಿಯೇಟರೂ ಸಣ್ಣದು. ಬೆಳಿಗ್ಗೆ ಶಾಲೆಯ ಹೊಸ ಬಸ್ಸು, ಮಧ್ಯಾಹ್ನ ಮತ್ತೆ ಬಸ್ಸು, ನಡುವಿನ ಐದು ಗಂಟೆ ಶೆಡ್ಡು. ಮೂರು ಸಲ ಎಂಜಿನ್ ಎತ್ತಿ ಇಳಿಸಿದ ಮೇಲೆ, ಅಕ್ಟೋಬರಿನ ಒಂದು ದಿನ, ಎಲ್ಲವೂ ತನ್ನ ತನ್ನ ಜಾಗದಲ್ಲಿ ಕೂತಿತು. ಬಾನೆಟ್ ಇಳಿಸಿದಳು. ಎರಡು ಬೆರಳಿನಷ್ಟು ಸಂದಿ ಬಿಟ್ಟು ನಿಂತಿತು, ಮುಚ್ಚಲಿಲ್ಲ.

ವೆಲ್ಡಾ ನೆಲದ ಮೇಲೆ ಕೂತುಬಿಟ್ಟಳು. ಕೈಗೆ ಮೆತ್ತಿದ್ದ ಗ್ರೀಸನ್ನು ಒರೆಸಿಕೊಳ್ಳಲೂ ಮನಸ್ಸಾಗಲಿಲ್ಲ.

ಆರ್ವಲ್ ಆಗ ಎಪ್ಪತ್ನಾಲ್ಕರ ಮುದುಕ. ರಸ್ತೆಯಾಚೆಯ ಮನೆಯಲ್ಲಿದ್ದ. ದಿನಾ ಹತ್ತು ಗಂಟೆಗೆ ಕಾಫಿಯ ಫ್ಲಾಸ್ಕ್ ಹಿಡಿದು ಬಂದು, ಬಕೆಟ್ ಬೋರಲು ಹಾಕಿಕೊಂಡು ಕೂತು, ಕೇಳದಿದ್ದರೂ ಸಲಹೆ ಕೊಡುತ್ತಿದ್ದ. ಎಂಜಿನ್ನಿನ ವಿಷಯ ಅವನಿಗೆ ಏನೂ ತಿಳಿಯದು. ಆದರೆ ನಲವತ್ತು ವರ್ಷ ತಗಡಿನ ಕೆಲಸ ಮಾಡಿದವನು. ಆ ಸೀಮೆಯ ಅರ್ಧ ಮನೆಗಳ ಸೂರಿಗೆ ಮಳೆನೀರಿನ ದೋಣಿ ಅವನು ಬಗ್ಗಿಸಿದ್ದು. ಅವತ್ತು ಅವನು ಸಲಹೆ ಕೊಡಲಿಲ್ಲ. ಎದ್ದು ಬಂದು, ಬಾನೆಟ್ಟಿನ ಸಂದಿಯಲ್ಲಿ ಬೆರಳಿಟ್ಟು ಅಳತೆ ನೋಡಿದ.

"ಇದು ತಗಡು ತಾನೆ? ತಗಡಿಗೆ ಹೆದರ್ತಾರೇನೆ?" ಎಂದ.

ಮನೆಗೆ ಹೋಗಿ ತನ್ನ ಕತ್ತರಿ, ಮರದ ಸುತ್ತಿಗೆ, ಮರಳು ತುಂಬಿದ ಚರ್ಮದ ಚೀಲ ಹೊತ್ತು ತಂದ. ಎಂಜಿನ್ ತಾಗುವ ಜಾಗದಲ್ಲಿ ಬಾನೆಟ್ ಕೊಯ್ದು, ಅಲ್ಲಿಗೊಂದು ತಗಡಿನ ಉಬ್ಬು ಕೂರಿಸುವುದು ಅವನ ಲೆಕ್ಕ. ಮೊದಲು ರಟ್ಟಿನಲ್ಲಿ ಅದರ ಆಕಾರ ಕತ್ತರಿಸಿಕೊಂಡ, ಆಮೇಲೆ ತಗಡನ್ನು ಚೀಲದ ಮೇಲಿಟ್ಟು ಬಡಿಯತೊಡಗಿದ. ಆರು ದಿನ ಬಡಿದ. ಮಗಳು ತಗಡು ಹಿಡಿದುಕೊಳ್ಳುತ್ತಿದ್ದಳು, ಅಪ್ಪ ಸುತ್ತ ನಡೆಯುತ್ತ ಬಡಿಯುತ್ತಿದ್ದ. ನಾಲ್ಕನೆಯ ದಿನವೋ ಐದನೆಯ ದಿನವೋ, ತಲೆಯೆತ್ತದೆಯೇ ಒಂದು ಮಾತಾಡಿದ.

"ಆವತ್ತು ಅಂಗಡೀಲಿ ನಾನು ಬಾಯಿ ಹಾಕ್ಬಾರ್ದಿತ್ತು. ನಿಮ್ಮಮ್ಮ ಮನೆಗೆ ಬಂದ್ಮೇಲೆ ಬೈದ್ಲು. ನಿನ್ನ ಕಾರಾ ಅದು, ಅವಳ ಕಾರಾ, ಅಂತ."

"ನಂಗೆ ಹೇಳ್ಲೇ ಇಲ್ವಲ್ಲ ಅಮ್ಮ."

"ನಂಗೆ ಹೇಳಿದ್ಲು. ಸಾಕಿತ್ತು. ಗಟ್ಟಿಯಾಗಿ ಹಿಡ್ಕೊ, ಜಾರ್ತಿದೆ."

ವೆಲ್ಡಾ ಗಟ್ಟಿಯಾಗಿ ಹಿಡಿದುಕೊಂಡಳು. ಕಣ್ಣು ತುಂಬಿದ್ದನ್ನು ಅಪ್ಪ ನೋಡಿದನೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ.

ಬಾನೆಟ್ಟಿನ ಮೇಲೆ ಕೂತ ಉಬ್ಬು ಅಂಗಡಿಯಿಂದ ತಂದದ್ದರ ಹಾಗೆ ನುಣುಪಾಗಿರಲಿಲ್ಲ. ಬೆಳಕಿಗೆ ಹಿಡಿದರೆ ಸುತ್ತಿಗೆಯ ಗುರುತು ಕಾಣುತ್ತಿತ್ತು. ಬಣ್ಣ ಹಚ್ಚುವ ಮುಂಚೆ ಅದನ್ನು ಸವರಿ ನೋಡಿದ ಡ್ವೈಟ್, ಇಂಥದ್ದನ್ನು ಮಾಡುವವರು ಈಗ ಎಲ್ಲಿದ್ದಾರೆ ಎಂದ. ಮಾರನೆಯ ದಿನ, ಯಾರೂ ಕೇಳದೆ, ತನ್ನಲ್ಲಿದ್ದ ದೊಡ್ಡ ರೇಡಿಯೇಟರನ್ನು ತಂದು ಶೆಡ್ಡಿನಲ್ಲಿಟ್ಟು ಹೋದ.

ಚಳಿಗಾಲವಿಡೀ ಉಳಿದ ಕೆಲಸ ನಡೆಯಿತು. ಮಾರ್ಚಿನ ಒಂದು ಶನಿವಾರ ವೆಲ್ಡಾ ಕೀ ತಿರುಗಿಸಿದಳು. ಮೊದಲು ಬರೀ ಗೊರಗೊರ, ಆಮೇಲೆ ಶೆಡ್ಡಿನ ಗಾಜು ಅದುರಿತು. ಕಿವಿ ಮಂದವಾಗಿದ್ದ ಆರ್ವಲ್, ಇದು ನನಗೂ ಕೇಳಿಸುತ್ತದೆ ಎಂದು ನಕ್ಕ.

ಮೇ ತಿಂಗಳಲ್ಲಿ ಅವಳು, ಕಾರುಗಳು ಎರಡೆರಡಾಗಿ ರೇಸ್ ಓಡುವ ಕಾಲು ಮೈಲಿಯ ಪಟ್ಟಿಗೆ ಹೋದಳು. ಬಸ್ಸಿನ ಎಂಜಿನ್ನಿನ ಸುದ್ದಿ ಅವಳಿಗಿಂತ ಮುಂಚೆ ಅಲ್ಲಿಗೆ ಮುಟ್ಟಿತ್ತು. ಸಾಲಿನಲ್ಲಿ ನಿಂತವರು, ಮುಂದಿನ ಸ್ಟಾಪ್ ಯಾವುದಮ್ಮ ಎಂದು ಕೇಳಿದರು. ದೀಪ ಹಸಿರಾದಾಗ ಕಾರು ಅವಳನ್ನು ಸೀಟಿಗೆ ಒತ್ತಿಹಿಡಿದು ಹೊರಟಿತು. ಬಸ್ಸಿನಲ್ಲಿ ಹದಿನೇಳು ವರ್ಷ ಕೇಳಿದ್ದ ಅದೇ ಸದ್ದು, ಆದರೆ ಈಗ ಅದರ ಬೆನ್ನ ಮೇಲೆ ಯಾವ ಭಾರವೂ ಇರಲಿಲ್ಲ. ಹದಿನೈದೂವರೆ ಸೆಕೆಂಡು. ಪಕ್ಕದಲ್ಲಿ ಓಡಿದ ಡ್ವೈಟ್ ಮೂರು ಸೆಕೆಂಡು ಮೊದಲೇ ಮುಟ್ಟಿದ್ದ. ಹಿಂದಿನ ವರ್ಷ ಹಳೆಯ ಎಂಜಿನ್ನಿನಲ್ಲಿ ಇದೇ ಪಟ್ಟಿ ಮುಗಿಸಲು ಅವಳಿಗೆ ಹತ್ತೊಂಬತ್ತು ಸೆಕೆಂಡು ಹಿಡಿದಿತ್ತು. ಅವಳು ತಿರುಗಿ ಬಂದು ಮತ್ತೆ ಸಾಲಿನಲ್ಲಿ ನಿಂತಳು. ಆವತ್ತು ಐದು ಸಲ ಓಡಿದಳು.

ಸಂಜೆ ಹೊರಡುವಾಗ ಪಕ್ಕದ ಊರಿನಲ್ಲಿ ಬ್ಯೂಟಿ ಪಾರ್ಲರ್ ನಡೆಸುವ ಜೊನೆಲ್ ಎಂಬಾಕೆ ಹತ್ತಿರ ಬಂದಳು. ಅವಳ ಹತ್ತಿರವೂ ಅರವತ್ತೆಂಟರ ಕಾರೊಂದಿತ್ತಂತೆ, ಅದರಲ್ಲೂ ಆರೇ ಸಿಲಿಂಡರಂತೆ. ದೊಡ್ಡ ಎಂಜಿನ್ ಹಾಕಿಕೊಡಿ ಎಂದರೆ ಎಲ್ಲ ಅಂಗಡಿಯವರೂ, ಗಂಡನನ್ನು ಕೇಳಿಕೊಂಡು ಬನ್ನಿ ಎನ್ನುತ್ತಾರಂತೆ.

"ನೀವು ಹಾಕ್ಕೊಡ್ತೀರಾ?" ಎಂದಳು.

"ಹಾಕ್ಕೊಡಲ್ಲ," ಎಂದಳು ವೆಲ್ಡಾ. "ಹೇಗೆ ಹಾಕೋದು ಅಂತ ತೋರಿಸ್ತೀನಿ. ಸ್ಪ್ಯಾನರ್ ನೀವೇ ಹಿಡೀಬೇಕು. ಉಗುರಿನ ಬಣ್ಣ ಉಳಿಯಲ್ಲ, ನೋಡಿ."

ಜೊನೆಲ್ ತನ್ನ ಉಗುರುಗಳನ್ನು ನೋಡಿಕೊಂಡು, ಸೋಮವಾರ ತನ್ನ ಅಂಗಡಿಗೆ ರಜೆ, ಎಷ್ಟು ಹೊತ್ತಿಗೆ ಬರಲಿ ಎಂದು ಕೇಳಿದಳು. ಪಕ್ಕದ ಸೀಟಿನಲ್ಲಿ ಕೂತಿದ್ದ ಆರ್ವಲ್ ಕಿಟಕಿಯಿಂದ ತಲೆ ಹೊರಹಾಕಿ, ಹತ್ತು ಗಂಟೆಗೆ ಬಂದರೆ ಕಾಫಿ ಸಿಗುತ್ತದೆ ಎಂದ.